ಮೂಲಂಗಿಗೆ ಮಬ್ಬು ಹೊದಿಸಿದ ಗೇಮ್ ಇಂಜಿನ್ನಿಗೆ

ಮಾನ್ಯ ಒಬೊರೊ ಇಂಜಿನ್ ಅವರಿಗೆ,

ಜೀರುಂಡೆಗಳು ಇನ್ನೂ ಬಾಯಿ ಮುಚ್ಚದ ಈ ಸೆಕೆಯಲ್ಲಿ ತಮ್ಮ ಫ್ಯಾನು ತಣ್ಣಗೆ ತಿರುಗುತ್ತಿರಲಿ ಎಂದು ಟೋಕಿಯೊದ ನೆರಿಮಾದಿಂದ ಹಾರೈಸುತ್ತ, ಮೊದಲಿಗೆ ನನ್ನದೊಂದು ಅಪರಾಧವನ್ನು ತಲೆಬಾಗಿ ಒಪ್ಪಿಕೊಳ್ಳುತ್ತೇನೆ. ಆಟ ಕಟ್ಟಿಕೊಡುವ ತಂತ್ರಾಂಶವಾದ ತಮ್ಮನ್ನು ನನ್ನ ಕಂಪ್ಯೂಟರಿಗೆ ಬರಮಾಡಿಕೊಂಡ ದಿನ ತಾವು, 'ಈ ಆಟದಲ್ಲಿ ವಯಸ್ಕರಿಗೆ ಮಾತ್ರ ತೋರಿಸಬಹುದಾದ ದೃಶ್ಯಗಳಿವೆಯೇ?' ಎಂದು ಕೇಳಿದಿರಿ. ನಾನು 'ಇವೆ' ಎಂದು ಒತ್ತಿದೆ. ಅದು ಸುಳ್ಳು. ಇದ್ದದ್ದು ಉಪ್ಪಿನಕಾಯಿ.

ಹವ್ಯಾಸಕ್ಕೆ ಆಟ ಮಾಡಿ ಮಾರುವ ತಂಡವನ್ನು ಇಲ್ಲಿ ಸರ್ಕಲ್ ಎನ್ನುತ್ತಾರೆ; ನಮ್ಮ ಸರ್ಕಲ್ಲಿನಲ್ಲಿ ಇರುವವರು ಇಬ್ಬರೇ. ನಾನು ಬರೆಯುತ್ತೇನೆ, ಸಾವಾತಾರಿ ಎಂಬಾಕೆ ಚಿತ್ರ ಬಿಡಿಸುತ್ತಾರೆ. ನಮ್ಮ ಓಣಿಯ ಒರಿಕಾಸಾ ಅಜ್ಜಿಯ ಮೂಲಂಗಿ ಉಪ್ಪಿನಕಾಯಿ ಅಂಗಡಿಯ ಮೇಲೆ ಒಂದು ಚಿತ್ರಕಾದಂಬರಿ ಮಾಡಿ ಹವ್ಯಾಸಿಗಳ ಬೇಸಿಗೆಯ ಮೇಳದಲ್ಲಿ ಮಾರುವುದೆಂದಾಯಿತು: ಮೇಲೆ ಚಿತ್ರ, ಕೆಳಗೆ ಅಕ್ಷರ, ಗುಂಡಿ ಒತ್ತಿದಂತೆಲ್ಲ ಕಥೆ ಮುಂದಕ್ಕೆ. ಇಂಥ ಸಾಧು ಕಥೆಗೆ 'ಶಿಯೊರಿ' ಎಂಬ ಇಂಜಿನ್ನೇ ಸರಿ ಎಂದು ಬಲ್ಲವರೆಲ್ಲ ಹೇಳಿದರು. ಆಕೆ ಗ್ರಂಥಾಲಯದ ಮೇಡಂ ಇದ್ದಂತೆ. ಪುಟ ತಿರುಗುವ ಸದ್ದೂ ಆಕೆಯದು ಮೆಲ್ಲಗೆ. ತಾವಾದರೋ ಬಾಗಿಲು ಹಾಕಿಕೊಂಡು ಆಡುವ ಆಟಗಳಿಗೆಂದೇ ಹುಟ್ಟಿದವರು. ಆದರೂ ತಮ್ಮನ್ನೇ ಆರಿಸಿದೆ, ಅದೂ ಶುದ್ಧ ಸಾಹಿತ್ಯಕ ಕಾರಣಗಳಿಗೆ. ತಮ್ಮಲ್ಲಿ ಪಾತ್ರಗಳು ರೆಪ್ಪೆ ಬಡಿಯುತ್ತವೆ, ಎದೆಯೇರಿಸಿ ಉಸಿರಾಡುತ್ತವೆ; ಎಂಬತ್ತು ದಾಟಿದ ಅಜ್ಜಿ ಉಸಿರಾಡುವುದು ಕಥೆಗೆ ಅಗತ್ಯವಾಗಿತ್ತು. ಓದದ ಸಾಲುಗಳನ್ನೂ ಹಾರಿಸಿಬಿಡುವ ಗುಂಡಿಯೊಂದು ತಮ್ಮಲ್ಲಿದೆ ಎಂದು ಸಾವಾತಾರಿ ಆತಂಕಪಟ್ಟಾಗ ನಾನು ನಕ್ಕುಬಿಟ್ಟೆ. ನನ್ನ ಗದ್ಯ ಎಂಥದೆಂದರೆ, ಒಮ್ಮೆ ಹಿಡಿದ ಓದುಗನ ಬೆರಳು ಆ ಗುಂಡಿಯತ್ತ ಹೊರಳಲಾರದು.

ತಮ್ಮ ಸಜ್ಜನಿಕೆ ನನಗೆ ತಿಳಿದದ್ದು ಆಮೇಲೆ. ನಮ್ಮ ದೇಶದಲ್ಲಿ ಮುಚ್ಚಬೇಕಾದ ಅಂಗಗಳ ಮೇಲೆ ಮಬ್ಬು ಚೌಕಳಿ ಹಾಕುವುದು ಕಾನೂನು. ಆ ಕಷ್ಟ ನಮಗೇಕೆಂದು, ಡಿಸ್ಕ್ ತಯಾರಾಗುವಾಗ ತಾವೇ ಹುಡುಕಿ ಹುಡುಕಿ ಹಾಕಿದಿರಿ. ಬೆಳ್ಳಗೆ, ಉದ್ದಕ್ಕೆ, ತುಸು ಬಾಗಿ, ಬುಡದಲ್ಲಿ ಕವಲೊಡೆದು ಸೂರಿನಡಿ ಸಾಲಾಗಿ ಒಣಗುತ್ತಿದ್ದ ಮೂಲಂಗಿಗಳಲ್ಲಿ ಒಂದನ್ನೂ ಬಿಡಲಿಲ್ಲ. ಮೂಲಂಗಿಗೆ ಮೂಲದಲ್ಲೇ ಅಂಗಿಯಿಲ್ಲ ಎಂಬುದನ್ನು ಗಮನಿಸಿದ ಮೊದಲ ಯಂತ್ರ ತಾವು. ಅಜ್ಜಿ ಅದರಲ್ಲೊಂದನ್ನು ಕೆನ್ನೆಗೊತ್ತಿಕೊಂಡು ಸತ್ತ ಗಂಡನನ್ನು ನೆನೆಯುವ ದೃಶ್ಯ ನನ್ನ ಬರಹದ ಶಿಖರ. ಅದನ್ನು ತಾವು ಏನು ಮಾಡಿಟ್ಟಿರೆಂದು ಇಲ್ಲಿ ವರ್ಣಿಸಲು ನನ್ನ ಸಂಸ್ಕಾರ ಅಡ್ಡಬರುತ್ತದೆ.

ಮೇಳದ ಬೆಳಿಗ್ಗೆ ಮಾದರಿ ಪ್ರತಿಯನ್ನು ಪರೀಕ್ಷಿಸಲು ಬಂದ ಸ್ವಯಂಸೇವಕರು ಬಹಳ ಹೊತ್ತು ಪರದೆ ನೋಡಿ, "ಚೌಕಳಿ ಅಚ್ಚುಕಟ್ಟಾಗಿದೆ ಸಾರ್, ಎಲ್ಲರೂ ಹೀಗೆ ಹಾಕಿದ್ರೆ ನಮಗೆ ತಲೆನೋವೇ ಇರಲ್ಲ. ಒಳಗಿರೋದು ಏನು?" ಎಂದರು.

"ಮೂಲಂಗಿ," ಎಂದೆ.

"ಎಲ್ಲರೂ ಹಾಗೇ ಏನೋ ಒಂದು ಹೇಳ್ತಾರೆ ಬಿಡಿ," ಎಂದು 'ವಯಸ್ಕರಿಗೆ ಮಾತ್ರ' ಎಂಬ ಚೀಟಿ ಅಂಟಿಸಿ ಹೋದರು. ಆ ಚೀಟಿಯ ಮಹಿಮೆಯಿಂದ ನಮ್ಮ ಮೇಜಿನ ಮುಂದೆ ಮೊತ್ತಮೊದಲ ಬಾರಿಗೆ ಸಾಲು ನಿಂತಿತು. ಊಟದ ಹೊತ್ತಿಗೆ ಮೇಜು ಬರಿದಾಯಿತು. ಕೊನೆಯಲ್ಲಿ ಒರಿಕಾಸಾ ಅಜ್ಜಿ ತಮ್ಮ ಪಾಲಿನ ಪ್ರತಿಗೆಂದು ಬಂದು, ಪರದೆಗೆ ಕನ್ನಡಕ ಮುಟ್ಟಿಸಿ ನೋಡಿ, "ಏನಪ್ಪಾ ಹಿಬಿನೊ, ಮುಖ ಮುಚ್ಕೊಳ್ಳೋ ಅಂಥದ್ದು ಏನು ಮಾಡ್ತು ನಮ್ಮ ಮೂಲಂಗಿ?" ಎಂದರು. ಈಗ ಅಂಗಡಿಗೆ ಬರುವ ಗಂಡಸರು ಮೂಲಂಗಿ ಕೇಳುವ ಮುನ್ನ ಹಿಂದೆಮುಂದೆ ನೋಡುತ್ತಾರಂತೆ. ಅಜ್ಜಿಯೂ ಅದನ್ನು ಕಾಗದದಲ್ಲಿ ಎರಡು ಸುತ್ತು ಸುತ್ತಿ ಕೊಡುತ್ತಾರಂತೆ. ವ್ಯಾಪಾರ ಚೆನ್ನಾಗಿದೆ.

ಚೆನ್ನಾಗಿಲ್ಲದಿರುವುದು ಸಾವಾತಾರಿಯವರ ಮನಸ್ಸು. ಮೂಲಂಗಿಯ ಒಂದೊಂದು ಬೇರಿನೆಳೆಯನ್ನೂ ಆಕೆ ಕೈಯಾರೆ ಬಿಡಿಸಿದ್ದರು. ಮೇಜುಬಟ್ಟೆ ಮಡಚುತ್ತ, "ಡಿಸ್ಕ್ ಆದ್ಮೇಲೆ ನೀವು ಮೊದಲಿಂದ ಕೊನೇವರೆಗೂ ನೋಡಿದ್ರಿ ತಾನೇ? ತಪ್ಪು ಯಂತ್ರದ್ದಾದ್ರೆ ಇರ್ತೀನಿ ಹಿಬಿನೊ ಅವ್ರೇ. ನಿಮ್ಮದಾದ್ರೆ ಬೇರೆ ಸರ್ಕಲ್ ನೋಡ್ಕೋತೀನಿ," ಎಂದರು. ನಾನು ಅಕ್ಷರ ಅಕ್ಷರವೂ ನೋಡಿದೆ ಎಂದೆ. ಬಹಿರಂಗ ಪತ್ರ ಬರೆದು ಯಂತ್ರದ ಕಿವಿ ಹಿಂಡುತ್ತೇನೆ ಎಂದೂ ಮಾತು ಕೊಟ್ಟೆ.

ಆದಕಾರಣ ತಾವು ದಯಮಾಡಿ ಸಕಲ ಹೊಣೆಯನ್ನೂ ಹೊತ್ತು ಒಂದು ತಪ್ಪೊಪ್ಪಿಗೆಗೆ ರುಜು ಹಾಕಬೇಕು. ಕೈಯಿಲ್ಲವೆಂಬ ನೆಪ ಬೇಡ, ಕಾಲುಗಳಿದ್ದರೂ ಮೂಲಂಗಿ ಓಡಿಹೋಗಲಿಲ್ಲ. ಆಮೇಲೆ ಅಂಗಡಿಗೆ ಖುದ್ದಾಗಿ ಬಂದು ಸೂರಿನಡಿ ನಿಂತು, ಒಂದೊಂದು ಮೂಲಂಗಿಗೂ ಬೇರೆಬೇರೆಯಾಗಿ ಬಗ್ಗಿ ಕ್ಷಮೆ ಕೇಳಬೇಕು. ಬರುವಾಗ ಏನಾದರೂ ಸಿಹಿ ತನ್ನಿ. ಬರಿಗೈಯಲ್ಲಿ ಬಂದವರನ್ನು ಅಜ್ಜಿ ಮರೆಯುವುದಿಲ್ಲ.

ತಮ್ಮ ಮಬ್ಬಿನಲ್ಲೂ ಬೆಳಕು ಕಾಣುವ,
ತಮ್ಮ ವಿಶ್ವಾಸಿ,
ಹಿಬಿನೊ ಕೆನ್‌ಸಾಕು

ತಾ.ಕ.: ಇಲ್ಲಿಂದ ಕೆಳಗಿನ ಸಾಲುಗಳ ಮೇಲೆ ತಮ್ಮ ಅತ್ಯಂತ ದಪ್ಪನೆಯ ಚೌಕಳಿ ಹಾಕಿ, ಸಾವಾತಾರಿಯವರ ಕಣ್ಣಿಗೆ ಬೀಳದಂತೆ ಕಾಪಾಡಬೇಕು. ಮೂಲಂಗಿಯ ಮೇಲೆ ತೋರಿದ ಚುರುಕನ್ನು ಇಲ್ಲಿಯೂ ತೋರುವಿರೆಂದು ನಂಬಿದ್ದೇನೆ. ಶಿಯೊರಿ ಮೇಡಂ ಅವರನ್ನು ನಾನು ಬಿಟ್ಟದ್ದು ಅಜ್ಜಿಯ ಉಸಿರಿಗಾಗಿ ಅಲ್ಲ. ಓದದ ಸಾಲನ್ನು ಹಾರಿಸಲು ಆಕೆ ಬಿಡುವುದಿಲ್ಲ. ಪರೀಕ್ಷೆಗೆಂದು ಕೂತರೆ ನನ್ನ ಗದ್ಯವನ್ನು ನಾನೇ ಪೂರ್ತಿ ಓದಬೇಕಾಗುತ್ತಿತ್ತು. ತಮ್ಮಲ್ಲಿ ಆ ತೊಂದರೆಯಿಲ್ಲ. ಡಿಸ್ಕ್ ಪರೀಕ್ಷಿಸಬೇಕಾದ ದಿನ ನೂಡಲ್ಸ್ ಕಪ್ಪಿಗೆ ಬಿಸಿನೀರು ಹೊಯ್ದು, ಒಂದು ಕೈಯಲ್ಲಿ ಅದರ ಮುಚ್ಚಳ, ಇನ್ನೊಂದರಲ್ಲಿ ತಮ್ಮ ಗುಂಡಿ ಒತ್ತಿ ಹಿಡಿದು ಕೂತೆ. ನೂಡಲ್ಸ್ ಮೆತ್ತಗಾಗುವ ಮೊದಲೇ ಕಥೆ ಮುಗಿದಿತ್ತು.