ಪೆಟ್ಟು ಮತ್ತು ಕುರ್ಚಿ

ಸರ್ಕಾರದಿಂದ ಪೆಟ್ಟು ತಿನ್ನುವುದಾದರೆ ಜಾಗ ನೋಡಿಕೊಂಡು ತಿನ್ನಬೇಕು. ಹಣೆಗೋ ಮೊಣಕೈಗೋ ಬಿದ್ದರೆ ಬ್ಯಾಂಡೇಜು ಕಟ್ಟಿಕೊಂಡು ಊರಿಡೀ ತಿರುಗಬಹುದು, ಪತ್ರಿಕೆಯವರು ಫೋಟೋವನ್ನೂ ತೆಗೆಯುತ್ತಾರೆ. ನನಗೆ ಬಿದ್ದದ್ದು ಪ್ಯಾಂಟಿನ ಹಿಂದಿನ ಜೇಬಿನ ಮೇಲೆ. ಅದೇನು ನಾಲ್ಕು ಜನರೆದುರು ತೋರಿಸುವ ಜಾಗವಲ್ಲ.

ನಾನು ಹೋರಾಟಗಾರನೂ ಅಲ್ಲ, ಹೊನ್ನಾವರದ ಬಟ್ಟೆ ಅಂಗಡಿಯಲ್ಲಿ ಸೀರೆ ಬಿಡಿಸಿ ತೋರಿಸುವವನು. ಹೈವೇ ಇನ್ನೂ ಅಗಲವಾಗಿರದ ಕಾಲ. ಟ್ರಾನ್ಸ್‌ಫಾರ್ಮರ್ ಸುಟ್ಟು ನಮ್ಮೂರು ಮಂಕಿ ವಾರಗಟ್ಟಲೆ ಕತ್ತಲಲ್ಲಿತ್ತು. ಜನ ಸಿಟ್ಟಿಗೆದ್ದು ರಸ್ತೆಗೆ ಅಡ್ಡ ಕೂತರು. ನಾನು ಹೊರಟಿದ್ದ ಟೆಂಪೊ ಅಲ್ಲೇ ನಿಂತಿತು, ನೋಡೋಣವೆಂದು ಇಳಿದೆ. ಪೊಲೀಸರು ಲಾಠಿ ಎತ್ತಿದ್ದೇ ತಡ, ಚಳವಳಿಯವರೆಲ್ಲ ಬೇಲಿ ಹಾರಿ ಮಾಯವಾದರು. ಕಾನೂನಿಗೆ ತಲೆಬಾಗುವ ನಾನೇಕೆ ಓಡಬೇಕೆಂದು ನಿಂತೇ ಇದ್ದೆ. ಒಬ್ಬನೇ ಸಿಕ್ಕಿದ್ದರಿಂದ ಲಾಠಿಗೆ ಆಯ್ಕೆಯ ಕಷ್ಟವಿರಲಿಲ್ಲ.

ಆಮೇಲೆ ಕೂರುವುದೇ ದೊಡ್ಡ ಸಮಸ್ಯೆಯಾಯಿತು. "ಎಂತ ಆತು, ಉಂಬುಕೂ ಕೂತ್ಕಳುಕಾಗುದಿಲ್ವ?" ಎಂದು ಹೆಂಡತಿ ಲಲಿತೆ ಕೇಳಿದಳು. ಗೋಡೆಗೊರಗಿ ನಿಂತೇ ಉಂಡೆ. ಹೋಟೆಲಿನ ಸುಬ್ರಾಯಣ್ಣ ಚಳವಳಿಯ ಮುಂದಾಳು. ಗಾಯವಾದವನು ನಾನೊಬ್ಬನೇ ಎಂದು ತಿಳಿದು ಖಂಡನಾ ಸಭೆಗೆ ಎಳೆದೊಯ್ದು, ವೇದಿಕೆಯಲ್ಲಿ ಕುರ್ಚಿ ತೋರಿಸಿದ. ನಾನು ಒಲ್ಲೆನೆಂದೆ. ಕರೆಂಟು ಬರುವ ತನಕ ಇವರು ಕೂರುವುದಿಲ್ಲವಂತೆ ಎಂದು ಅವನೇ ಮೈಕಿನಲ್ಲಿ ಘೋಷಿಸಿಬಿಟ್ಟ. ಚಪ್ಪಾಳೆಯೋ ಚಪ್ಪಾಳೆ. ನನಗೂ ಎದೆಯುಬ್ಬಿತು, ಸುಳ್ಳೇಕೆ ಹೇಳಲಿ.

ಹೀಗೆ ಉಬ್ಬಿದ ಎದೆಯೊಂದಿಗೆ ತಹಸೀಲ್ದಾರರ ಕಚೇರಿಗೆ ಮನವಿ ಕೊಡಲು ಹೋದೆವು. ಲಾಠಿ ಬೀಸಿದ್ದನ್ನು ತಹಸೀಲ್ದಾರರು ಒಪ್ಪಿಕೊಂಡರೆ ಸರ್ಕಾರ ಮುಖ ಉಳಿಸಿಕೊಳ್ಳಲಿಕ್ಕಾದರೂ ಕರೆಂಟು ಕೊಡುತ್ತದೆ ಎಂಬುದು ಸುಬ್ರಾಯಣ್ಣನ ಲೆಕ್ಕ. ಪೆಟ್ಟು ತಿಂದವರು ಯಾರೆಂದು ಸಾಹೇಬರು ಕೇಳಿದರು. ಎಲ್ಲರೂ ಸೇರಿ ನನ್ನನ್ನು ಮುಂದೆ ತಳ್ಳಿದರು.

"ಪಾಪ, ಕುಳಿತುಕೊಳ್ಳಿ" ಎಂದರು ಸಾಹೇಬರು.

ಹೆಂಡತಿ ಹೇಳಿದರೂ ಊರು ಹೇಳಿದರೂ ಬಗ್ಗದ ಸೊಂಟ ಆ ಒಂದು ಮಾತಿಗೆ ಬಗ್ಗಿತು. ಮರದ ಕುರ್ಚಿಯಲ್ಲಿ ಕೂತೇಬಿಟ್ಟೆ. ಕಣ್ಣಲ್ಲಿ ನೀರು ಬಂತು, ಆದರೂ ಥ್ಯಾಂಕ್ಸ್ ಸರ್ ಎಂದೆ.

ಸಾಹೇಬರು ನನ್ನನ್ನೊಮ್ಮೆ ನೋಡಿ, "ಆರಾಮಾಗಿ ಕೂತಿದ್ದಾರಲ್ಲ, ಎಲ್ಲಿ ಪೆಟ್ಟು?" ಎನ್ನುತ್ತ ಮನವಿಯನ್ನು ಪಕ್ಕಕ್ಕಿಟ್ಟರು.

ಹೊರಗೆ ಬಂದ ಮೇಲೆ ಸುಬ್ರಾಯಣ್ಣ ಬೈಯಲಿಲ್ಲ. "ನೀವು ಸುಮ್ನೆ ನಿಂತ್ಕಂಡಿದ್ರೆ ಸಾಕಿತ್ತು ಮಾರಾಯ್ರೆ" ಎಂದಷ್ಟೇ ಹೇಳಿದ. ಸಂಜೆಯ ಟೆಂಪೊದಲ್ಲಿ ಸೀಟು ಬೇಕಾದಷ್ಟು ಖಾಲಿಯಿದ್ದವು. ನಾನು ಮಾತ್ರ ಸರಳು ಹಿಡಿದು, ಕತ್ತಲ ಮಂಕಿಯವರೆಗೂ ನಿಂತೇ ಬಂದೆ.