ಬಲಕ್ಕೆ ಸರಿದ ಜೇಬಿನ ಕುರಿತು ಒಂದು ಅಹವಾಲು

ನನ್ನ ಗಂಡನ ಮನೆತನದಲ್ಲಿ ತಲೆತಲಾಂತರದಿಂದ ಹೇಳದೆ ಕೇಳದೆ ವಾಸವಾಗಿರುವ, ಕೆಟ್ಟುಹೋದ ಬಿಆರ್‌ಸಿಎ-2 ವಂಶವಾಹಿಯವರ ಸನ್ನಿಧಾನಕ್ಕೆ, ದರ್ಜಿ ಅಂಗಡಿಯಲ್ಲಿ ಕಾಜಾ ಮಾಡಿ ಗುಂಡಿ ಹಾಕುವ ಹೆಂಗಸಿನ ನಮಸ್ಕಾರಗಳು.

ಮಾನ್ಯರೇ,

ನಮ್ಮ ಯಜಮಾನರು ತೀರಿಹೋಗುವುದಕ್ಕೆ ಸ್ವಲ್ಪ ಮೊದಲಷ್ಟೇ ಡಾಕ್ಟರಮ್ಮನ ಬಾಯಿಂದ ತಮ್ಮ ಹೆಸರು ಕೇಳಿದೆ. ಪರಿಚಯ ತಡವಾದದ್ದಕ್ಕೆ ಕ್ಷಮಿಸಬೇಕು. ಮೈಯೊಳಗೆ ಹರಿದದ್ದನ್ನು ಹೊಲಿದು ಸರಿಮಾಡುವುದು ತಮ್ಮ ಕುಲದ ಕೆಲಸವಂತೆ; ಹಾಗಾದರೆ ನಾವೆಲ್ಲ ಒಂದೇ ಕಸುಬಿನವರು. ನಮ್ಮ ಅಂಗಡಿಯಲ್ಲಿ ಸೂಜಿ ಕೆಳಗಿಟ್ಟು ಕೂತವನಿಗೆ ಸಂಜೆಯ ಚಹಾ ಕೂಡ ಸಿಗುವುದಿಲ್ಲ. ತಾವಾದರೋ ಸೂಜಿ ಕೆಳಗಿಟ್ಟೂ ಕುರ್ಚಿ ಬಿಡದೆ, ಅಪ್ಪನಿಂದ ಮಕ್ಕಳಿಗೆ, ಮಕ್ಕಳಿಂದ ಮೊಮ್ಮಕ್ಕಳಿಗೆ ದಾಟುತ್ತ ಬಂದಿದ್ದೀರಿ. ಇಂಥ ಕಾಯಂ ನೌಕರಿ ಯಾವ ಪುಣ್ಯವಂತರಿಗುಂಟು!

ಯಜಮಾನರ ಅಕ್ಕ ಸ್ತನದ ಕ್ಯಾನ್ಸರಿನಿಂದ ತೀರಿಕೊಂಡಾಗ ಮನೆಯವರೆಲ್ಲ ಕೂತು ಬಹಳ ಜಾಣತನದ ತೀರ್ಮಾನ ಮಾಡಿದರು: ಹೆಣ್ಣುಮಕ್ಕಳು ತಪಾಸಣೆ ಮಾಡಿಸಿಕೊಳ್ಳುವುದು, ಗಂಡಸರು ಅವರನ್ನು ಆಸ್ಪತ್ರೆಗೆ ಕರೆದೊಯ್ಯುವುದು. ಅದರಂತೆ ನಮ್ಮವರು ‘ಗಂಡಸರು ಇಲ್ಲೇ ಕಾಯಿರಿ’ ಎಂಬ ಬೋರ್ಡಿನ ಕೆಳಗೆ, ಎಲ್ಲರ ಕೈಚೀಲಗಳನ್ನೂ ತೊಡೆಯ ಮೇಲಿಟ್ಟುಕೊಂಡು ಕೂತರು. ಆ ಬೋರ್ಡಿಗೆ ಕವಡೆ ಕಿಮ್ಮತ್ತೂ ಕೊಡದವರು ತಾವೊಬ್ಬರೇ. ಗಂಡಸರಿಗೆ ಈ ರೋಗ ಅಪರೂಪವಂತೆ. ಆದರೆ ತಾವು ನೆಲೆಸಿದ ಮೈಯಲ್ಲಿ ಆ ಅಪರೂಪಕ್ಕೂ ಬಲ ಬರುತ್ತದಂತೆ. ಅಕ್ಕನಿಗೆ ಕೊಟ್ಟದ್ದನ್ನು ತಮ್ಮನಿಗೆ ತಪ್ಪಿಸದ ತಮ್ಮ ಸಮದೃಷ್ಟಿಗೆ ಕೈಮುಗಿಯುತ್ತೇನೆ.

ಒಂದು ದಿನ ನಮ್ಮವರು ತಮ್ಮ ಅಂಗಿಯ ಎಡಗಡೆಯ ಜೇಬು ಬಿಚ್ಚಿ ಬಲಗಡೆಗೆ ಹೊಲಿದುಕೊಂಡರು. ಕೇಳಿದರೆ, “ಪೆನ್ಸಿಲ್ಲು ಒತ್ತುತ್ತೆ ಕಣೇ” ಎಂದರು. ಗಿರಾಕಿಗಳು “ಏನ್ ಟೈಲರಣ್ಣ, ಕನ್ನಡಿ ನೋಡ್ಕೊಂಡು ಹೊಲಿದ್ರಾ?” ಎಂದು ನಕ್ಕರು, ಅವರೂ ನಕ್ಕರು. ದಿನವಿಡೀ ಊರಿನವರ ಎದೆ ಅಳೆಯುವ ಮನುಷ್ಯನಿಗೆ ತನ್ನ ಎಡ ಎದೆಯ ಗಂಟು ಕೈಗೆ ಸಿಕ್ಕಿತ್ತು. ಆದರೆ ಅದಕ್ಕೆ ಅವರು ಕಂಡುಕೊಂಡ ಔಷಧಿ ಜೇಬು ಸರಿಸುವುದೊಂದೇ. ಕೊನೆಗೆ ಆಸ್ಪತ್ರೆಗೆ ಹೋದಾಗ ಬಾಗಿಲಲ್ಲಿದ್ದ ಕಾವಲುಗಾರ, “ಯಜಮಾನ್ರೇ, ಹೆಂಗಸರನ್ನ ಒಳಗೆ ಕಳ್ಸಿ, ನೀವಲ್ಲಿ ಕೂತ್ಕೊಳ್ಳಿ” ಎಂದು ಅದೇ ಬೆಂಚು ತೋರಿಸಿದ. “ಈ ಸಲ ಆ ಹೆಂಗಸು ನಾನೇ ಕಣಪ್ಪ” ಎಂದು ನಮ್ಮವರು ತಮ್ಮ ಕೈಚೀಲ ನನಗೆ ಕೊಟ್ಟು ಒಳಗೆ ಹೋದರು. ಬೆಂಚಿನ ಮೇಲೆ ನಾನು ಕೂತೆ.

ಈಗ ನನ್ನ ಬಿನ್ನಹ. ಮಗಳು ರಕ್ತ ಪರೀಕ್ಷೆ ಮಾಡಿಸಿಕೊಂಡಳು, ಅವಳಲ್ಲಿ ತಾವಿಲ್ಲ. ಅಪ್ಪನ ಮಿಷನ್ನಿನ ಮೇಲೆ ಈಗ ಕೂರುವ ಮಗ ಮಾತ್ರ, “ಅಕ್ಕಂಗೇ ಇಲ್ಲ ಅಂದ್ಮೇಲೆ ನಂಗೆಲ್ಲಿಂದ ಬರತ್ತಮ್ಮ? ಅಪ್ಪಂದೇನೋ ಗ್ರಹಚಾರ” ಎನ್ನುತ್ತಾನೆ. ಒಂದೊಂದು ಮಗುವಿಗೂ ತಾವು ಬೇರೆ ಬೇರೆಯಾಗಿ ಚೀಟಿ ಎತ್ತುತ್ತೀರಿ, ಅಕ್ಕನ ಚೀಟಿ ತಮ್ಮನಿಗೆ ನಡೆಯುವುದಿಲ್ಲ ಎಂದು ಡಾಕ್ಟರಮ್ಮ ಹೇಳಿದ್ದು ಅವನ ಕಿವಿಗೆ ಬೀಳುತ್ತಿಲ್ಲ. ಆದ್ದರಿಂದ ತಾವೇ ದಯಮಾಡಿ ಅವನ ಹಣೆಯ ಮೇಲೆ ಇದ್ದೇನೆ ಅಥವಾ ಇಲ್ಲ ಎಂದು ಬರೆದು ತಿಳಿಸಬೇಕು. ಅದಾಗದಿದ್ದರೆ ಅವನನ್ನು ಬಿಟ್ಟು ನನ್ನೊಳಗೆ ಬಂದು ನೆಲೆಸಬೇಕು. ನಾನು ಬೇರೆ ಮನೆತನದಿಂದ ಬಂದವಳಾದರೂ ಈ ಮನೆಯ ಸೊಸೆ, ಜಾಗಕ್ಕೆ ಕೊರತೆ ಮಾಡುವುದಿಲ್ಲ. ಇದಕ್ಕೆ ನಿಯಮದಲ್ಲಿ ಅವಕಾಶವಿಲ್ಲವೆಂದು ಡಾಕ್ಟರಮ್ಮ ನನ್ನ ಕೈ ಹಿಡಿದುಕೊಂಡು ಹೇಳಿದರು. ನಿಯಮಗಳನ್ನು ತಾವು ಯಾವಾಗ ಓದಿದ್ದೀರಿ?

ಉತ್ತರ ಬರುವುದಿಲ್ಲವೆಂದು ಗೊತ್ತಿದ್ದೂ ಕಾಯುತ್ತಿರುವ,
ತಮ್ಮ ವಿಶ್ವಾಸಿ,
ಟೈಲರಣ್ಣನ ಹೆಂಡತಿ

ತಾ.ಕ.: ತಮ್ಮ ಉತ್ತರಕ್ಕಾಗಿ ಸುಮ್ಮನೆ ಕೂರಲಾಗದೆ, ರಕ್ತ ಕೊಟ್ಟು ಬರುವವರೆಗೆ ಮಗನ ಯಾವ ಅಂಗಿಗೂ ಗುಂಡಿ ಹಾಕುವುದಿಲ್ಲವೆಂದು ಹಟ ಹಿಡಿದೆ, ಇದ್ದವನ್ನೂ ಕಿತ್ತೆ. ಪಿನ್ನು ಚುಚ್ಚಿಕೊಂಡು ಓಡಾಡಿದವನು ಇಂದು ಬೆಳಿಗ್ಗೆ, “ಸಾಕಮ್ಮ ತಾಯಿ, ಹೋಗ್ತೀನಿ, ಗುಂಡಿ ಹಾಕು” ಎಂದ. ಹಾಕಿ ಕಳಿಸಿದ್ದೇನೆ. ತಾವು ಅಲ್ಲಿಲ್ಲದಿದ್ದರೆ ಸಂತೋಷ. ಇದ್ದರೆ, ಇನ್ನು ತಮ್ಮ ಮೇಲೆ ನಮ್ಮ ಕಣ್ಣಿರುತ್ತದೆ. ಅವನ ಅಂಗಿಯ ಜೇಬು ಎಡಗಡೆಯಲ್ಲೇ ಇದೆ. ಅದನ್ನು ಸರಿಸಲು ನಾನು ಬಿಡುವುದಿಲ್ಲ.