ಹೆಂಡತಿಯ ಹೆಸರು ತಿಂದ ಕಸಗುಡಿಸುವ ಕೋಶದ ನಿವೃತ್ತಿ ಕೋರಿಕೆ

ಇಂದ,
ಕಸ ಗುಡಿಸುವ ಜೀವಕೋಶ (ವಯೋವೃದ್ಧ),
ನೆನಪಿನ ಓಣಿ, ರಗಬ್ ಅವರ ಮಿದುಳು,
ಅಲೆಕ್ಸಾಂಡ್ರಿಯಾ.

ಗೆ,
ಮಾನ್ಯ ಮೇಲಧಿಕಾರಿಗಳು,
ಹುಟ್ಟು–ಸಾವು ವಿಭಾಗ,
ಅದೇ ದೇಹ.

ವಿಷಯ: ಗುರುವಾರದ ನಿಶ್ಚಿತಾರ್ಥಕ್ಕೆ ಮೊದಲೇ ನನ್ನನ್ನು ಸೇವೆಯಿಂದ ಬಿಡುಗಡೆ ಮಾಡುವ ಬಗ್ಗೆ.

ಉಲ್ಲೇಖ: ನನ್ನ ಹಿಂದಿನ ಅರ್ಜಿ. (ಅದನ್ನು ನಾನೇ ತಿಂದಿರುವ ಸಂಭವವಿದೆ.)

ಮಾನ್ಯರೇ,

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ಅರಿಕೆ ಮಾಡಿಕೊಳ್ಳುವುದೇನೆಂದರೆ,

೧. ಟ್ರಾಮ್ ಓಡಿಸಿ ನಿವೃತ್ತರಾದ ರಗಬ್ ಅವರ ಮಿದುಳಿನಲ್ಲಿ ಕಸ ತಿಂದು ಓಣಿಯನ್ನು ಚೊಕ್ಕಟವಾಗಿಟ್ಟವನು ನಾನು. ಯೋಚಿಸುವುದು ನರಕೋಶಗಳ ಕೆಲಸ. ಅವುಗಳಿಗೆ ಊಟ ಬಡಿಸಿ ಎಂಜಲು ಬಳಿಯುವುದು ನಮ್ಮಂಥವರದು. ಈ ಬಗ್ಗೆ ದೂರಿಲ್ಲ.

೨. ಈಗ ನನಗೆ ವಯಸ್ಸಾಗಿದೆ. ಆದ ಕಾರಣ ಕೆಲಸ ಸಾಗುತ್ತಿಲ್ಲ, ಸಾವೂ ಬರುತ್ತಿಲ್ಲ. ಕಂಡದ್ದಕ್ಕೆಲ್ಲ ಉರಿದುಬೀಳುತ್ತೇನೆ. ನನ್ನ ಕೂಗಾಟ ಕೇಳಿ ಕೇಳಿ, ನರಕೋಶಗಳಿಗೆ ಬಡಿಸುವ ಪಕ್ಕದ ನಕ್ಷತ್ರಕೋಶವೂ ಸೌಟು ಎಸೆದು ಮುನಿಸಿಕೊಂಡು ಕುಳಿತಿದೆ. ತಾನು ಕೆಟ್ಟ ಕೋತಿ ವನವನ್ನೆಲ್ಲ ಕೆಡಿಸಿತು ಎಂಬ ಗಾದೆ ನನ್ನನ್ನು ನೋಡಿಯೇ ಹುಟ್ಟಿರಬೇಕು.

೩. ಸದರಿ ವಯಸ್ಸಿನ ದೆಸೆಯಿಂದ ಕಸ ಯಾವುದು, ಕೊಂಡಿ ಯಾವುದು ತಿಳಿಯದೆ, ಗಟ್ಟಿಮುಟ್ಟಾದ ನೆನಪಿನ ಕೊಂಡಿಗಳನ್ನೇ ತಿಂದೆ. ಮೊದಲು ಟ್ರಾಮ್ ನಿಲ್ದಾಣಗಳು. ಆಮೇಲೆ, ಹೇಳಲು ನಾಚಿಕೆ, ಹೆಂಡತಿ ಇನ್ಶಿರಾಹ್. ರುಚಿಯಾಗಿತ್ತು.

೪. ಆದ್ದರಿಂದ ಕಳೆದ ಶುಕ್ರವಾರ, ಬೆಳಗಿನ ತಿಂಡಿಗೆ ಬೆಂದ ಕಾಳಿನ ಫೂಲ್ ಬಡಿಸುತ್ತಿದ್ದ ಆಕೆಯನ್ನು ಕಂಡು ರಗಬ್ ಮರುಳಾದರು. ತಾವು ಯಾರ ಮನೆಯವರು, ನನ್ನನ್ನು ಮದುವೆಯಾಗುತ್ತೀರಾ ಎಂದು ನೇರವಾಗಿ ಕೇಳಿಯೇಬಿಟ್ಟರು. ಆಕೆ ತಟ್ಟೆ ಕೆಳಗಿಟ್ಟರು. ಆಮೇಲೆ ನಗು ತಡೆದುಕೊಂಡು, ತನಗೆ ಒಪ್ಪಿಗೆ, ಆದರೆ ಪದ್ಧತಿಯಂತೆ ಅಣ್ಣನನ್ನು ಕೇಳಬೇಕು ಎಂದರು.

೫. ರಗಬ್ ಮೀಸೆಗೆ ಬಣ್ಣ ಹಚ್ಚಿ, ಬಸ್ಬೂಸಾ ಸಿಹಿಯ ಡಬ್ಬಿ ಹಿಡಿದು ಅಣ್ಣ ಬದೀರ್ ಅವರ ಮನೆಗೆ ಹೊರಟರು. ದಾರಿ ಗೊತ್ತಿಲ್ಲದ ಕಾರಣ ಹೆಣ್ಣೇ ಕೈಹಿಡಿದು ಕರೆದೊಯ್ಯಬೇಕಾಯಿತು. ಮೊಮ್ಮಕ್ಕಳಾದ ಮೇಲೆ ಇದೆಂಥ ನಾಟಕ ಎಂದು ಬದೀರ್ ತಲೆ ಚಚ್ಚಿಕೊಂಡರು. ಆಗ ಆಕೆ ತಗ್ಗಿದ ದನಿಯಲ್ಲಿ ಹೇಳಿದ್ದು ರಗಬ್ ಅವರ ಕಿವಿಗೆ ಬಿದ್ದು ನನ್ನವರೆಗೂ ಬಂತು:

"ಅಣ್ಣಾ, ಅವತ್ತು ನನ್ನ ಮದ್ವೆ ವಿಷ್ಯಾನ ನೀನು, ಅಪ್ಪ, ಇವ್ರು ಕೂತು ಮಾತಾಡಿ ಮುಗಿಸಿಬಿಟ್ರಿ. ನನ್ನ ಯಾರು ಕೇಳಿದ್ರು? ಈಗ ಇವ್ರೇ ಬಾಯಿಬಿಟ್ಟು ನನ್ನ ಕೇಳಿದ್ದಾರೆ. ನೀನು ಸುಮ್ನೆ ನಿಶ್ಚಿತಾರ್ಥದ ಶರಬತ್ತು ಮಾಡ್ಸು. ಸಕ್ಕರೆ ಜಾಸ್ತಿ ಇರ್ಲಿ."

ಬದೀರ್ ಕಣ್ಣೊರೆಸಿಕೊಂಡು ಗುರುವಾರಕ್ಕೆ ದಿನ ಗೊತ್ತುಮಾಡಿದರು.

೬. ಅಂದೇ ಇಲ್ಲಿ ಹೊಸ ಕೊಂಡಿಯೊಂದು ಚಿಗುರಿದೆ. ಅದು ಇನ್ಶಿರಾಹ್ ಎಂಬ ಹೆಸರಿನದು, ತೀರಾ ಎಳೆಯದು. ರಗಬ್ ಆ ಹೆಸರನ್ನು ದಿನವಿಡೀ ಹೇಳಿಕೊಂಡು ತಿರುಗುತ್ತಾರೆ, ಬಚ್ಚಲಲ್ಲೂ. ನನ್ನ ಬಾಯಲ್ಲಿ ನೀರೂರುತ್ತಿದೆ. ನನಗೆ ಭಯವಾಗುತ್ತಿದೆ.

ಆದಕಾರಣ, ಗುರುವಾರಕ್ಕೆ ಮೊದಲು ನನ್ನನ್ನು ಸಾಯಿಸಿ, ನನ್ನ ಜಾಗಕ್ಕೆ ಎಳೆವಯಸ್ಸಿನ ಕೋಶವೊಂದನ್ನು ನೇಮಿಸಬೇಕಾಗಿ ಪ್ರಾರ್ಥನೆ. ನೇಮಕಾತಿ ತಡವಾಗುವುದಾದರೆ, ತಾತ್ಕಾಲಿಕ ವ್ಯವಸ್ಥೆಯಾಗಿ ಬದೀರ್ ಅವರ ಹೆಸರನ್ನು ತಿನ್ನಲು ಅನುಮತಿ ಕೊಡುವುದು.

ತಮ್ಮ ವಿಶ್ವಾಸಿ (ಬಾಯಿಯೊಂದನ್ನು ಬಿಟ್ಟು),
ಕಸ ಗುಡಿಸುವ ಕೋಶ

ಲಗತ್ತುಗಳು:
೧. ಟ್ರಾಮ್ ನಿಲ್ದಾಣ, ಅರ್ಧ ತಿಂದದ್ದು.
೨. ಹಳೆಯ ಮದುವೆಯ ನೆನಪು: ಲಭ್ಯವಿಲ್ಲ.
೩. ಹೊಸ ಕೊಂಡಿ: ಲಗತ್ತಿಸಿಲ್ಲ. ತಾವೇ ಬಂದು ನೋಡುವುದು. ಯಾವ ಕಾರಣಕ್ಕೂ ಅದನ್ನು ನನ್ನ ಕೈಗೆ ಕೊಡಬಾರದಾಗಿ ವಿನಂತಿ.